ಹೋದ ವರ್ಷದ ಟಚ್‌ಡೌನ್ ನೋಡಿ ಟೈಟ್ ಎಂಡ್ ಎತ್ತಬೇಡಿ

"ಮಾರ್ಕ್ ಆಂಡ್ರ್ಯೂಸ್ 2024ರಲ್ಲಿ 11 ಟಚ್‌ಡೌನ್ ಹೊಡೆದಿದ್ದಾನೆ, ಕಣ್ಣು ಮುಚ್ಚಿ ಐದನೇ ರೌಂಡಿಗೇ ಎತ್ತಿಕೊಳ್ತೀನಿ" ಅಂತ ನಿಮ್ಮ 2025ರ ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್ ಬಗ್ಗೆ ಬರೆದಿದ್ದೀರಿ. ಹೊಸಬರಿಗೆ ಒಂದು ಮಾತು: ಫ್ಯಾಂಟಸಿ ಅಂದರೆ ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್) ಆಟಗಾರರನ್ನ ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ರೌಂಡಿಗೊಬ್ಬರಂತೆ ಎತ್ತಿ ನಮ್ಮದೇ ಟೀಮ್ ಕಟ್ಟೋ ಆಟ; ಮೈದಾನದಲ್ಲಿ ಅವರು ಮಾಡಿದ ಕ್ಯಾಚ್, ಯಾರ್ಡ್, ಟಚ್‌ಡೌನ್‌ಗೆ (ಚೆಂಡನ್ನ ಎದುರಾಳಿಯ ಕೊನೆಗೆರೆ ದಾಟಿಸೋದು) ನಮಗೆ ಪಾಯಿಂಟ್. ಟೈಟ್ ಎಂಡ್ ಅಂದರೆ ಬ್ಲಾಕ್ ಮಾಡ್ತಾ ಪಾಸನ್ನೂ ಹಿಡಿಯೋ ಆಟಗಾರ, ಆಂಡ್ರ್ಯೂಸ್ ಬಾಲ್ಟಿಮೋರ್‌ನ ಟೈಟ್ ಎಂಡ್. ದಯವಿಟ್ಟು ಕಣ್ಣು ತೆರೆದುಕೊಂಡು ಎತ್ತಿ. ಇದೇ ತಪ್ಪು ನಾನು 2021ರಲ್ಲಿ ಮಾಡಿ ಒಂದು ಇಡೀ ಸೀಸನ್ ಕಳೆದುಕೊಂಡಿದ್ದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ಆಗ ನನ್ನ ಕಣ್ಣಿಗೆ ಬಿದ್ದವನು ಗ್ರೀನ್ ಬೇಯ ರಾಬರ್ಟ್ ಟೊನ್ಯನ್. 2020ರಲ್ಲಿ 11 ಟಚ್‌ಡೌನ್. ಕಾನ್ಸಾಸ್ ಸಿಟಿಯ ದೊಡ್ಡ ಹೆಸರಿನ ಟೈಟ್ ಎಂಡ್ ಟ್ರ್ಯಾವಿಸ್ ಕೆಲ್ಸಿ ಹೊಡೆದದ್ದೂ ಆ ವರ್ಷ 11. ಕೆಲ್ಸಿಗೆ ಮೊದಲ ರೌಂಡ್ ಸುರಿಯೋದು ಯಾಕೆ, ಅಷ್ಟೇ ಟಚ್‌ಡೌನ್ ಇವನಲ್ಲಿ ಕಮ್ಮಿ ಬೆಲೆಗೆ ಸಿಗುತ್ತಲ್ಲ ಅಂದುಕೊಂಡೆ. ನಮ್ಮದು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡದವರ 12 ಟೀಮಿನ ಲೀಗು, ಏಳನೇ ರೌಂಡಲ್ಲೇ ಎತ್ತಿಬಿಟ್ಟೆ. ಟೊನ್ಯನ್‌ಗೆ ಹಿಂದಿನ ಇಡೀ ವರ್ಷ ಬಂದ ಟಾರ್ಗೆಟ್ (ಅವನತ್ತ ಎಸೆದ ಪಾಸ್) ಬರೀ 59, ಅದರಲ್ಲಿ 52 ಕ್ಯಾಚ್, 586 ಯಾರ್ಡ್. ಹೆಚ್ಚುಕಮ್ಮಿ ಪ್ರತಿ ಐದು ಕ್ಯಾಚಿಗೆ ಒಂದು ಟಚ್‌ಡೌನ್! ಅದು ಮತ್ತೆ ಆಗೋ ಮಾತಾ? ನಾನು ಕೂತು ಯೋಚನೆ ಮಾಡಲೇ ಇಲ್ಲ. 2021ರಲ್ಲಿ ಎಂಟು ಪಂದ್ಯ, 18 ಕ್ಯಾಚ್, 204 ಯಾರ್ಡ್, ಎರಡು ಟಚ್‌ಡೌನ್. ಎಂಟನೇ ವಾರ ಮಂಡಿಯೊಳಗಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿದು ಸೀಸನ್ ಮುಗೀತು. ಗಾಯದ ಮೇಲೆ ತಪ್ಪು ಹೊರಿಸಬೇಡಿ. ಅದಕ್ಕೆ ಮೊದಲೇ ವಾರಾವಾರ ಎರಡು-ಮೂರು ಕ್ಯಾಚಿಗೆ ಬಂದು ನಿಂತಿದ್ದ.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ಹೋದ ವರ್ಷದ ಪಾಯಿಂಟಿನಿಂದ ಟಚ್‌ಡೌನ್ ಪಾಯಿಂಟ್ ಅಷ್ಟೂ ಕಿತ್ತು ಹಾಕಿ, ಉಳಿದದ್ದನ್ನು ಆಡಿದ ಪಂದ್ಯಗಳಿಂದ ಭಾಗಿಸಿ. ಪೂರ್ತಿ ಪಿಪಿಆರ್‌ನಲ್ಲಿ (ಪ್ರತಿ ಕ್ಯಾಚಿಗೆ ಒಂದು ಪಾಯಿಂಟ್, ಹತ್ತು ಯಾರ್ಡಿಗೆ ಒಂದು) 2020ರ ಕೆಲ್ಸಿಗೆ 16.4 ಬರುತ್ತೆ, ಟೊನ್ಯನ್‌ಗೆ 6.9. ಟಚ್‌ಡೌನ್ ಒಂದೇ, ಆಟಗಾರರು ಬೇರೆ ಬೇರೆ ಲೋಕದವರು. ನನ್ನ ಹೊಟ್ಟೆ ಉರಿಸೋದು ಇನ್ನೊಂದು: ಡಲ್ಲಾಸ್‌ನ ಡಾಲ್ಟನ್ ಶುಲ್ಟ್ಜ್ 2020ರಲ್ಲಿ ನಾಲ್ಕೇ ಟಚ್‌ಡೌನ್ ಹೊಡೆದಿದ್ದ, ಆದರೆ ಈ ಲೆಕ್ಕದಲ್ಲಿ 7.8, ಅಂದರೆ ಟೊನ್ಯನ್‌ಗಿಂತ ಮೇಲೆ. ಡಲ್ಲಾಸ್‌ನ ಇನ್ನೊಬ್ಬ ಟೈಟ್ ಎಂಡ್ ಜಾರ್ವಿನ್ ಗಾಯದಿಂದ ವಾಪಸ್ ಬರ್ತಾನೆ ಅಂತ ನಮ್ಮ ಲೀಗಲ್ಲಿ ಯಾರೂ ಶುಲ್ಟ್ಜ್‌ನನ್ನ ಮುಟ್ಟಲಿಲ್ಲ. ಕೊನೆಗೆ ವೇವರ್‌ನಿಂದ (ಡ್ರಾಫ್ಟ್‌ನಲ್ಲಿ ಯಾರೂ ಎತ್ತದೆ ಉಳಿದವರ ಪಟ್ಟಿ) ಎತ್ತಿಕೊಂಡ ಪುಣ್ಯಾತ್ಮನಿಗೆ 2021ರಲ್ಲಿ 78 ಕ್ಯಾಚ್, ಎಂಟು ಟಚ್‌ಡೌನ್ ಸಿಕ್ಕಿತು.

ಈಗ ನಿಮ್ಮ ಆಂಡ್ರ್ಯೂಸ್. 2024ರಲ್ಲಿ 69 ಟಾರ್ಗೆಟ್, 55 ಕ್ಯಾಚ್, 673 ಯಾರ್ಡ್. ಟಚ್‌ಡೌನ್ ತೆಗೆದರೆ ಪಂದ್ಯಕ್ಕೆ 7.2. ಅರಿಜೋನಾದ ಟೈಟ್ ಎಂಡ್ ಟ್ರೇ ಮೆಕ್‌ಬ್ರೈಡ್ ಅದೇ ವರ್ಷ ಎರಡೇ ಟಚ್‌ಡೌನ್ ಕ್ಯಾಚ್ ಹಿಡಿದವನು, ಅವನಿಗೆ 14.1. ಲಾಸ್ ವೇಗಸ್‌ನ ಟೈಟ್ ಎಂಡ್ ಬ್ರಾಕ್ ಬವರ್ಸ್‌ಗೆ 13.6. ಸೀಸನ್ ಶುರುವಿನಲ್ಲಿ ಮೂರನೇ, ನಾಲ್ಕನೇ ವಾರ ಆಂಡ್ರ್ಯೂಸ್ ಒಂದೂ ಕ್ಯಾಚ್ ಹಿಡಿಯಲಿಲ್ಲ ಅನ್ನೋದು ಮರೆತುಹೋಯಿತಾ? ಅವನು ಕೆಟ್ಟ ಆಟಗಾರ ಅಂತ ನಾನು ಹೇಳ್ತಿಲ್ಲ. 2021ರಲ್ಲಿ 107 ಕ್ಯಾಚ್, 1361 ಯಾರ್ಡ್ ಮಾಡಿದವನು. 2025ರ ಜುಲೈ ಕೊನೆಯಲ್ಲಿ ಅವನ ಟೀಮಿನ ಇನ್ನೊಬ್ಬ ಟೈಟ್ ಎಂಡ್ ಐಸಾಯ ಲೈಕ್ಲಿ ಪಾದದ ಮೂಳೆ ಮುರಿದುಕೊಂಡ, ಹಾಗಾಗಿ 2025ರ ಮೊದಲ ಕೆಲವು ವಾರ ಆಂಡ್ರ್ಯೂಸ್‌ಗೆ ಜಾಸ್ತಿ ಚೆಂಡು ಬಂದರೂ ಬರಬಹುದು. ಎಂಟನೇ ರೌಂಡಿಗೆ ಉಳಿದಿದ್ದರೆ ನಾನೇ ಎತ್ತುತ್ತೀನಿ. ಐದಕ್ಕೆ ಬೇಡ. ಐದನೇ ರೌಂಡಲ್ಲಿ ಇನ್ನೂ ಒಳ್ಳೆ ರಿಸೀವರ್‌ಗಳು ಕೂತಿರ್ತಾರೆ.

ಈ ಲೆಕ್ಕವೂ ದೇವರ ವಾಕ್ಯವಲ್ಲ. ಟೀಮ್ ಬದಲಾದರೆ ಕೈಕೊಡುತ್ತೆ. ಜೊನು ಸ್ಮಿತ್‌ಗೆ 2024ರಲ್ಲಿ 10.4 ಬರುತ್ತೆ, ಆದರೆ ಅದು ಮಯಾಮಿಯಲ್ಲಿ. 2025ರಲ್ಲಿ ಪಿಟ್ಸ್‌ಬರ್ಗ್‌ಗೆ ಬಂದ, ಅಲ್ಲಿ ಫ್ರೈಯರ್‌ಮತ್ ಅನ್ನೋ ಟೈಟ್ ಎಂಡ್ ಆಗಲೇ ಇದ್ದ. ಡೆಟ್ರಾಯ್ಟ್‌ನ ಲಪೋರ್ಟಾ 2023ರಲ್ಲಿ 10.3 ಇದ್ದವನು 2024ರಲ್ಲಿ 8.3ಕ್ಕೆ ಇಳಿದ, 2025ರಲ್ಲಿ ಅವನ ಅಫೆನ್ಸ್ ಕೋಚ್ ಬೆನ್ ಜಾನ್ಸನ್ ಕೂಡ ಡೆಟ್ರಾಯ್ಟ್ ಬಿಟ್ಟು ಶಿಕಾಗೋಗೆ ಹೋದ. ವಯಸ್ಸನ್ನೂ ನೋಡಿ. ಕೆಲ್ಸಿಗೆ 2024ರಲ್ಲೂ 11.2 ಬರುತ್ತೆ, ಆದರೆ 2025ರ ಅಕ್ಟೋಬರ್‌ಗೆ ವಯಸ್ಸು 36. ಮಿನ್ನೆಸೋಟಾದ ಹಾಕೆನ್‌ಸನ್ 2024ರಲ್ಲಿ ಒಂದೂ ಟಚ್‌ಡೌನ್ ಇಲ್ಲದೆ ಹತ್ತೇ ಪಂದ್ಯ ಆಡಿ 8.7 ತಂದಿದ್ದಾನೆ, ಅದೂ ಎಸಿಎಲ್ ಗಾಯದಿಂದ ಎದ್ದು ಬಂದು. ನನ್ನ ಕಣ್ಣಿರೋದು ಅವನ ಮೇಲೆ.

ಸ್ನ್ಯಾಪ್ ಕೌಂಟ್ (ಎಷ್ಟು ಸಲ ಮೈದಾನದಲ್ಲಿದ್ದ ಅನ್ನೋ ಲೆಕ್ಕ) ನೋಡಿ ಕುಣಿಯುವವರಿಗೂ ಒಂದು ಮಾತು. ಟೈಟ್ ಎಂಡ್ ಮೈದಾನದಲ್ಲಿದ್ದಾನೆ ಅಂದಮಾತ್ರಕ್ಕೆ ರೂಟ್ ಓಡ್ತಾನೆ, ಅಂದರೆ ಪಾಸ್ ಹಿಡಿಯೋಕೆ ಓಡ್ತಾನೆ ಅಂತಲ್ಲ, ಅರ್ಧ ಹೊತ್ತು ಲೈನ್ ಪಕ್ಕ ನಿಂತು ಬ್ಲಾಕ್ ಮಾಡ್ತಿರಬಹುದು. ಕ್ವಾರ್ಟರ್‌ಬ್ಯಾಕ್ ಪಾಸಿಗೆ ಹಿಂದೆ ಸರಿದಾಗ ಎಷ್ಟು ಸಲ ರೂಟ್ ಓಡಿದ ಅನ್ನೋದನ್ನ ಹುಡುಕಿ. ನೂರಕ್ಕೆ ಎಪ್ಪತ್ತೈದಕ್ಕಿಂತ ಕಮ್ಮಿ ಇದ್ದವನಿಗೆ ನಾನು ಬೆಂಚಿನ ಜಾಗವನ್ನೂ ಕೊಡೋದಿಲ್ಲ.

ಇನ್ನು ಆ್ಯಪ್ ವಿಚಾರ. ಡ್ರಾಫ್ಟ್ ರೂಮಿನಲ್ಲಿ ಅವರು ಜೋಡಿಸಿಟ್ಟ ಪಟ್ಟಿಯನ್ನ ಮೇಲಿಂದ ಕೆಳಗೆ ಎತ್ತುತ್ತಾ ಹೋಗೋದು ಬಿಡಿ, ಇಎಸ್‌ಪಿಎನ್ ಆಗಲಿ ಯಾಹೂ ಆಗಲಿ. ನಿಮ್ಮ ಲೀಗಿನ ಸ್ಕೋರಿಂಗ್ ಮೊದಲು ತೆರೆದು ಓದಿ. ಯಾಹೂದಲ್ಲಿ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಅರ್ಧ ಪಿಪಿಆರ್ (ಕ್ಯಾಚಿಗೆ ಅರ್ಧ ಪಾಯಿಂಟ್), ಇಎಸ್‌ಪಿಎನ್‌ನಲ್ಲಿ ಪೂರ್ತಿ. ಅರ್ಧ ಪಿಪಿಆರ್‌ನಲ್ಲಿ ಮೆಕ್‌ಬ್ರೈಡ್ 10.6ಕ್ಕೆ ಇಳೀತಾನೆ, ಆಂಡ್ರ್ಯೂಸ್ 5.6ಕ್ಕೆ. ನಡುವಿನ ಅಂತರ ಏಳರಿಂದ ಐದಕ್ಕೆ ಬಂತು ನೋಡಿ, ಆಗ ಮೆಕ್‌ಬ್ರೈಡ್‌ಗೂ ಎರಡನೇ ರೌಂಡ್ ಕೊಡೋದು ನನಗೆ ದುಬಾರಿ ಅನ್ನಿಸುತ್ತೆ. ಟೈಟ್ ಎಂಡ್‌ಗೆ ಕ್ಯಾಚಿಗೆ ಒಂದೂವರೆ ಕೊಡೋ ಲೀಗಾದರೆ ಮಾತು ಉಲ್ಟಾ, ಮೊದಲ ರೌಂಡಿಗೇ ಬವರ್ಸ್ ಎತ್ತಿದರೂ ತಪ್ಪಿಲ್ಲ. ಸೆಟ್ಟಿಂಗ್ ತಿದ್ದಿಕೊಳ್ಳೋಕೆ ನನಗೆ ಸ್ಲೀಪರ್ ಅನ್ನೋ ಆ್ಯಪ್ ಹಿಡಿಸಿದೆ, ನಮ್ಮ ಲೀಗ್ ಅಲ್ಲಿಗೇ ಹೋಗಿದೆ.

2025ರಲ್ಲಿ ಬಹಳಷ್ಟು ಲೀಗುಗಳ ಡ್ರಾಫ್ಟ್ ಗೌರಿ-ಗಣೇಶ ಹಬ್ಬದ ವಾರವೇ ಬಿದ್ದಿದೆ. ಪೂಜೆ, ಅಡುಗೆ ಅಂತ ಆ್ಯಪೇ ಎತ್ತೋ ಆಟೋಡ್ರಾಫ್ಟ್‌ಗೆ ಬಿಟ್ಟು ಹೋಗಬೇಡಿ. ಅದು ಬೇಡದ ಹೊತ್ತಲ್ಲಿ ಎರಡನೇ ಟೈಟ್ ಎಂಡ್ ತಂದು ಹಾಕುತ್ತೆ. ಹಿಂದಿನ ರಾತ್ರಿಯೇ ಬೇಕಾದ ಹೆಸರುಗಳ ಕ್ಯೂ ಕಟ್ಟಿಡಿ, ಅದರಲ್ಲಿ ಟೈಟ್ ಎಂಡ್ ಮೂರೇ ಹೆಸರು ಇರಲಿ.

ನಿಮ್ಮದು ಎಷ್ಟು ಟೀಮಿನ ಲೀಗು, ಪೂರ್ತಿ ಪಿಪಿಆರ್ರಾ ಅರ್ಧವಾ, ಎಷ್ಟನೇ ಪಿಕ್ ಅಂತ ಇಲ್ಲೇ ಕೆಳಗೆ ಹಾಕಿ. ಇವತ್ತು ರಾತ್ರಿ ಕೂತು 15 ಟೈಟ್ ಎಂಡ್‌ಗಳಿಗೂ ಲೆಕ್ಕ ಹಾಕಿ ಕೊಡ್ತೀನಿ.