ಶಾಲೆ, ಜಾತ್ರೆಗಳಲ್ಲಿ ಮ್ಯಾಜಿಕ್ ಮಾಡುವವರು ಹೊಸ ಸಾಮಾನು ಕೊಳ್ಳುವ ಮೊದಲು ಏನು ನೋಡಬೇಕು?

ನೀವು ಎಲ್ಲಿ ನಿಂತು ಮಾಡುತ್ತೀರಿ ಅನ್ನೋದನ್ನು ಮೊದಲು ಯೋಚಿಸಿ. ಜಾಹೀರಾತಿನ ವಿಡಿಯೋದಲ್ಲಿ ಕ್ಯಾಮೆರಾ ಒಂದೇ ಕಡೆ ಇರುತ್ತದೆ. ನಮ್ಮ ತುಮಕೂರಿನ ಶಾಲೆಗಳ ಅಂಗಳದಲ್ಲಿ ಮಕ್ಕಳು ಮೂರು ಕಡೆ ಕೂತಿರುತ್ತಾರೆ. ಸಿದ್ಧಗಂಗೆ ಜಾತ್ರೆಯಂಥ ಕಡೆ ಬೆನ್ನ ಹಿಂದೆಯೂ ಜನ. ಹಾಗಾಗಿ ಅಂಗಡಿಯವರನ್ನು ಇದೊಂದು ಕೇಳಲೇಬೇಕು: ಪಕ್ಕದಿಂದ ನೋಡಿದರೆ ಗುಟ್ಟು ಕಾಣುತ್ತಾ? ಬೀದಿ ಜಾದೂಗಾರರ ಬಟ್ಟಲು-ಚೆಂಡಿನ ಆಟ ಸುತ್ತ ಜನ ಇದ್ದರೂ ನಡೆಯುತ್ತದೆ. ಅದರ ಬಲ ಇರುವುದು ಕೈಚಳಕದಲ್ಲಿ, ಪೆಟ್ಟಿಗೆಯಲ್ಲಲ್ಲ.

ಆಮೇಲೆ ಬೆಳಕು, ಗಾಳಿ. ಕಣ್ಣಿಗೆ ಕಾಣದ ದಾರದ ಟ್ರಿಕ್ ಒಂದನ್ನು ಆಸೆಪಟ್ಟು ತಂದಿದ್ದೆ. ಮನೆಯಲ್ಲಿ ಚೆನ್ನಾಗಿತ್ತು. ಬಯಲಲ್ಲಿ ಬಿಸಿಲಿಗೆ ದಾರ ಹೊಳೆಯಿತು, ಗಾಳಿಗೆ ತುಂಡಾಯಿತು. ತುಂಬಾ ಬೇಜಾರಾಯಿತು. ಥಂಬ್ ಟಿಪ್ (ಹೆಬ್ಬೆರಳಿಗೆ ಹಾಕಿಕೊಳ್ಳುವ ಪೊಳ್ಳು ನಕಲಿ ತುದಿ) ಕೊಳ್ಳುವಾಗಲೂ ಅಷ್ಟೇ, ಹಗಲು ಬೆಳಕಲ್ಲಿ ಬೆರಳಿಗೆ ಹಾಕಿ ನೋಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಟಿಪ್‌ಗಳ ಗುಲಾಬಿ ಬಣ್ಣ ನಮ್ಮ ಚರ್ಮಕ್ಕೆ ಹೊಂದುವುದಿಲ್ಲ.

ಒಂದು ಶೋ ಮುಗಿದ ಮೇಲೆ ಸಾಮಾನನ್ನು ಮತ್ತೆ ಜೋಡಿಸಲು ಎಷ್ಟು ಹೊತ್ತು ಬೇಕು? ಒಂದರ ಹಿಂದೆ ಒಂದು ಎರಡು ಶೋ ಇದ್ದರೆ ಇದು ಮುಖ್ಯ ಅಲ್ವಾ.

ಮಕ್ಕಳ ಮುಂದೆ ಫ್ಲಾಶ್ ಪೇಪರ್ ಬೇಡ. ಅದು ನೈಟ್ರೋಸೆಲ್ಯುಲೋಸ್ ಅನ್ನೋ ಬೇಗ ಹೊತ್ತಿಕೊಳ್ಳುವ ವಸ್ತುವಿನ ಕಾಗದ, ಕಿಡಿ ತಾಗಿದರೆ ಭಗ್ ಅಂತ ಉರಿಯುತ್ತದೆ.

ಜಾಸ್ತಿ ಬೆಲೆಯ ಪೆಟ್ಟಿಗೆಗೆ ಸುಮ್ನೆ ದುಡ್ಡು ಹಾಕಬೇಡಿ. ಮೊದಲು ಒಂದು ಸ್ವೆಂಗಾಲಿ ಇಸ್ಪೀಟು ಕಟ್ಟು (ಮ್ಯಾಜಿಕ್‌ಗೆಂದೇ ಮಾಡಿದ ಗುಟ್ಟಿನ ಇಸ್ಪೀಟು), ಒಂದು ಹಗ್ಗ, ನಾಲ್ಕು ನಾಣ್ಯ ಸಾಕು. ಕನ್ನಡಿ ಮುಂದೆ ಒಂದು ತಿಂಗಳು ಅಭ್ಯಾಸ ಮಾಡಿ.