ಬೇಡುವುದನ್ನೇ ಬಿಟ್ಟ ತಾಯಿ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ತಾಯಿ. ವಯಸ್ಸು 50ರ ಹತ್ತಿರ. ಅಜ್ಜನ ಕಾಲದಿಂದ ಕ್ರೈಸ್ತ ಮನೆತನ. 2 ಎಕರೆ ದ್ರಾಕ್ಷಿ. ಮಾರ್ಚ್‌ನಲ್ಲಿ ಒಣದ್ರಾಕ್ಷಿ ಶೆಡ್‌ನಲ್ಲಿದ್ದಾಗಲೇ ಅಕಾಲ ಮಳೆ ಹೊಡೆದು ಮಾಲೆಲ್ಲ ಕಪ್ಪಾಯಿತು. ಜೂನ್‌ನಲ್ಲಿ ನನ್ನ ಹತ್ತಿರ ಬಂದರು. ನಿದ್ದೆ ಬರುವುದಿಲ್ಲ ಎಂದರು.

ಸ್ವಲ್ಪ ಹೊತ್ತಾದ ಮೇಲೆ ಚೀಲದಿಂದ ಮಗಳ ಹಳೆಯ ನೋಟ್‌ಬುಕ್ ತೆಗೆದರು. ದಿನಕ್ಕೊಂದು ಗೆರೆ, ಗೆರೆಗೊಂದು ಗುರುತು. ಪ್ರಾರ್ಥನೆಯಲ್ಲಿ ಏನೂ ಬೇಡದ ದಿನ ಸರಿ ಗುರುತು, ಬೇಡಿದ ದಿನ ತಪ್ಪು ಗುರುತು. ಒಂದು ಕಡೆ ತಪ್ಪು ಗುರುತನ್ನು ತಿದ್ದಿ ತಿದ್ದಿ ಹಾಳೆಯೇ ಹರಿದಿತ್ತು. ಅದು ಮಗಳಿಗೆ ಡೆಂಗಿ ಜ್ವರ ಏರಿದ್ದ ರಾತ್ರಿ.

“ಅಕ್ಕಾರ, ದೇವರನ್ನ ಪೂರ್ಣ ಹೃದಯದಿಂದ ಪ್ರೀತಿಸಬೇಕಂತ ಅದ. ನನ್ನ ಹೃದಯದಾಗ ಬರೀ ಸಾಲ, ಮಕ್ಕಳು, ದ್ರಾಕ್ಷಿ ಇವ ಅದಾವ್ರಿ.”

ಇದು ಶುರುವಾಗಿದ್ದು ಒಂದು ಉಪವಾಸ ಕೂಟದಲ್ಲಿ. ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು, “ನೀವು ಪ್ರೀತಿಸೋದು ದೇವರನ್ನಲ್ಲ, ದೇವರು ಕೊಡೋದನ್ನ. ಪೂರ್ತಿ ಪ್ರೀತಿಸಿದ್ದರೆ ಬೆಳೆ ಉಳೀತಿತ್ತು” ಅಂದಿದ್ದರಂತೆ. ಕೇಳಿ ನನಗೆ ಸಿಟ್ಟು ಬಂತು. ಮೊದಲ ಮಾತನ್ನು ಯಾರಾದರೂ ತಮ್ಮೊಳಗೆ ಕೇಳಿಕೊಳ್ಳಬಹುದು. ಎರಡನೆಯದು ಪ್ರೀತಿಯನ್ನೇ ವ್ಯಾಪಾರ ಮಾಡುತ್ತದೆ. ಬೈಬಲಿನ ಯೋಬನ ಕಥೆಯಲ್ಲಿ, ಅವನು ಸುಮ್ನೆ ದೇವರಿಗೆ ಭಯಪಡುತ್ತಾನಾ, ಲಾಭ ಇರುವುದಕ್ಕಲ್ವಾ ಎಂದು ಕೇಳಿದವನು ಸೈತಾನ. ಆಸ್ತಿ, ಮಕ್ಕಳು ಎಲ್ಲ ಹೋದ ಮೇಲೂ ಯೋಬ ದೇವರನ್ನು ಬಿಡಲಿಲ್ಲ. ಆದರೆ ಅವನು ಬಾಯಿ ಮುಚ್ಚಿ ಕೂರಲೂ ಇಲ್ಲ.

ಎರಡನೇ ಸಲ ಬಂದಾಗ ಕೇಳಿದೆ: “ಬೇಡೋದು ಬಿಟ್ಟರೆ ಏನಾಗುತ್ತೆ ಅಂದ್ಕೊಂಡಿದ್ರಿ?”

ತುಂಬ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. “ಏನೂ ಬೇಡದಿದ್ರ ದೇವ್ರು ಖುಷಿಯಾಗಿ ಮುಂದಿನ ವರ್ಷ ಚಲೋ ಪೀಕು…” ಮಾತು ಅಲ್ಲೇ ನಿಂತಿತು. ಅತ್ತರು. ಇದನ್ನು ದುರಾಸೆ ಅನ್ನಲಾರೆ. ಅವರನ್ನು ಹಿಡಿದಿದ್ದು ಭಯ.

ಅವರು ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ಮೂರನೇ ಅಧ್ಯಾಯದ ಕೊನೆಯನ್ನು ದಿನಾ ಓದುತ್ತಿದ್ದರು. ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಸಂತೋಷಪಡುತ್ತೇನೆ ಎನ್ನುವ ಮಾತು ಅಲ್ಲಿದೆ. ದ್ರಾಕ್ಷಿ ಬೆಳೆಯುವವರಿಗೆ ಅದು ಎಷ್ಟು ಹತ್ತಿರದ ಮಾತು! ನಾನು ಪುಟ ಹಿಂದಕ್ಕೆ ತಿರುಗಿಸಿ ಮೊದಲ ಅಧ್ಯಾಯ ಓದಿಸಿದೆ. ಎಷ್ಟು ದಿನ ಮೊರೆಯಿಡಲಿ, ನೀನು ಕೇಳುವುದೇ ಇಲ್ಲವಲ್ಲ ಎಂದು ಅದೇ ಪ್ರವಾದಿ ಅಲ್ಲಿ ಜಗಳಕ್ಕೆ ನಿಂತಿದ್ದಾನೆ. ಅವರು ಎರಡು ಸಲ ಓದಿದರು. “ಇವನೂ ಕೇಳ್ಯಾನಲ್ರಿ!” ಅಂದರು.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೂ ಕೇಳಿದ. ಈ ಪಾತ್ರೆ, ಅಂದರೆ ಮುಂದಿದ್ದ ಆ ನೋವು, ನನ್ನಿಂದ ದೂರವಾಗಲಿ ಎಂದ. ಆಮೇಲೆ ತಂದೆಯ ಚಿತ್ತವೇ ಆಗಲಿ ಎಂದ. ತನ್ನನ್ನು ಒಪ್ಪಿಸಿಕೊಡುವುದು ಅಂದರೆ ಇದೇ ಅಂತ ನಾನು ನಂಬಿದ್ದೇನೆ. ಬೇಕು ಅನ್ನುವುದನ್ನು ಬಚ್ಚಿಡದೆ ತಂದೆಯ ಮುಂದೆ ಇಡುವುದು, ಇಟ್ಟ ಮೇಲೆ ಕೈ ತೆಗೆಯುವುದು.

ಅವರ ದೊಡ್ಡ ಮಗ ಪುಣೆಯಲ್ಲಿದ್ದಾನೆ. ಅವ್ವನಿಗೆ ಭಾರ ಆಗಬಾರದು ಅಂತ ತನ್ನ ಕಷ್ಟ ಹೇಳುವುದೇ ಇಲ್ಲ. ಅದರಿಂದ ಖುಷಿನಾ ಎಂದು ಕೇಳಿದೆ. “ಹೊಟ್ಟಿ ಉರೀತದ್ರಿ,” ಅಂದವರು ತಟ್ಟನೆ ನನ್ನ ಮುಖ ನೋಡಿದರು. ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ.

12ನೇ ಶತಮಾನದಲ್ಲಿ ಫ್ರಾನ್ಸಿನ ಕ್ಲೇರ್ವೋ ಮಠದ ಬರ್ನಾರ್ಡ್ ಎಂಬ ಸನ್ಯಾಸಿ ದೇವರ ಮೇಲಿನ ಪ್ರೀತಿಯನ್ನು ನಾಲ್ಕು ಮೆಟ್ಟಿಲು ಮಾಡಿ ವಿವರಿಸಿದ್ದ. ನಮಗಾಗಿ ನಮ್ಮನ್ನು, ನಮಗಾಗಿ ದೇವರನ್ನು, ದೇವರಿಗಾಗಿಯೇ ದೇವರನ್ನು, ಕೊನೆಗೆ ದೇವರಿಗಾಗಿ ನಮ್ಮನ್ನು ಪ್ರೀತಿಸುವುದು. ಕೊನೆಯ ಮೆಟ್ಟಿಲನ್ನು ಈ ಜನ್ಮದಲ್ಲಿ ಪೂರ್ತಿ ಮುಟ್ಟುವವರು ಇದ್ದಾರಾ ಎಂದು ಅವನಿಗೇ ಅನುಮಾನವಿತ್ತು. ಕಷ್ಟ ಬಂದಾಗಲೆಲ್ಲ ದೇವರ ಹತ್ತಿರ ಹೋಗಿ ಹೋಗಿಯೇ ದೇವರ ರುಚಿ ಹತ್ತುತ್ತದೆ ಎಂದು ಅವನು ತಿಳಿದಿದ್ದ. ಇದನ್ನು ಹೇಳಿದಾಗ ಅವರ ಭುಜ ಸ್ವಲ್ಪ ಇಳಿಯಿತು.

ಕೊಟ್ಟ ಸಲಹೆ ಇಷ್ಟು. ನೋಟ್‌ಬುಕ್ ಬರೆಯುವುದು ನಿಲ್ಲಿಸಿ. ರಾತ್ರಿ ಮೊದಲು ಬೇಕಾದದ್ದನ್ನೆಲ್ಲ ಹೆಸರಿಟ್ಟು ಕೇಳಿ, ಆಮೇಲೆ 5 ನಿಮಿಷ ಏನೂ ಕೇಳದೆ ದೇವರ ಜೊತೆ ಸುಮ್ನೆ ಕೂತಿರಿ. ಶುಗರ್ ಗುಳಿಗೆ ತಗೊಂಡು ಉಪವಾಸ ಮಾಡುತ್ತಿದ್ದರು. ಡಾಕ್ಟರನ್ನು ಕೇಳದೆ ಮಾಡಬೇಡಿ, ನಿದ್ದೆಯ ವಿಷಯವನ್ನೂ ಅವರಿಗೆ ಹೇಳಿ ಎಂದೆ. ಪಕ್ಕದ ಮನೆಯ ಮುದುಕಿಗೆ ರೊಟ್ಟಿ ಕೊಡುವುದನ್ನು ನಿಲ್ಲಿಸಿದ್ದರು, ಹೊಗಳಿಕೆಗೆ ಕೊಡುತ್ತಿದ್ದೇನೇನೋ ಅಂತ. ಮನಸ್ಸು ಶುದ್ಧ ಆಗುವವರೆಗೆ ಆ ಅಜ್ಜಿ ಹಸಿದಿರಬೇಕಾ? ನಾಳೆಯೇ ಕೊಟ್ಟು ಬನ್ನಿ ಎಂದೆ.

ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ) ಮುಗಿಸಿ ಮತ್ತೆ ಬಂದಿದ್ದರು. ಮಾರ್ಚ್ ತನಕ ಮಳೆ ಬೇಡಪ್ಪಾ ಅಂತ ದಿನಾ ಕೇಳುತ್ತಿದ್ದಾರಂತೆ. “ಕೇಳೂದು ಲಗೂನ ಮುಗೀತದ್ರಿ ಅಕ್ಕಾರ. ಆಮ್ಯಾಗ ಏಳಾಕ ಮನಸ್ಸ ಬರೂದಿಲ್ಲ.”