ಪುಣೆಯ ಗಾಡಿಗಳ ಹೊಗೆಯಿಂದ ಊರಾಚೆಯ ಗೋಧಿಗೂ ತೊಂದರೆ ಆಗುತ್ತದಾ?

ಆಗುತ್ತದೆ, ಕೆಲವೊಮ್ಮೆ ಸಿಟಿ ಒಳಗಿನ ಗಿಡಗಳಿಗಿಂತ ಜಾಸ್ತಿಯೇ. ಪುಣೆಯ ಹಡಪ್ಸರ ಬಡಾವಣೆಯ ನಮ್ಮ ಕನ್ನಡದವರೂ ಇದನ್ನು ನಂಬುವುದಿಲ್ಲ. ಹಾಳು ಮಾಡುವುದು ಕಣ್ಣಿಗೆ ಕಾಣುವ ಕಪ್ಪು ಹೊಗೆಯಷ್ಟೇ ಅಲ್ಲ, ಓಝೋನ್ ಅನಿಲ. ಇದು ಸೈಲೆನ್ಸರ್‌ನಿಂದ ನೇರವಾಗಿ ಬರುವುದಿಲ್ಲ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು, ಪೆಟ್ರೋಲ್ ಆವಿ ಇಂಥವು ಬಿಸಿಲಿಗೆ ಸಿಕ್ಕಿ ಗಾಳಿಯಲ್ಲೇ ಇದನ್ನು ಹುಟ್ಟಿಸುತ್ತವೆ, ಅದಕ್ಕೆ ಕೆಲವು ಗಂಟೆ ಬೇಕು, ಅಷ್ಟರಲ್ಲಿ ಗಾಳಿ ಹೊಲದ ಕಡೆ ಹೋಗಿರುತ್ತದೆ. ಸ್ವಾರ್‌ಗೇಟ್‌ನಂಥ ಟ್ರಾಫಿಕ್ ಜಾಗದಲ್ಲಾದರೆ ಆಗಷ್ಟೇ ಬಂದ ಹೊಗೆಯೇ ಸುತ್ತಲಿನ ಓಝೋನನ್ನು ತಿಂದುಹಾಕುತ್ತದೆ, ತಮಾಷೆ ಅಲ್ವಾ?

ಎಲೆ ಉಸಿರಾಡುವ ಸಣ್ಣ ತೂತುಗಳಿಂದ ಓಝೋನ್ ಒಳಗೆ ನುಗ್ಗಿ ಜೀವಕೋಶಗಳನ್ನು ಕೆಡಿಸುತ್ತದೆ. ಎಲೆ ಬೇಗ ಹಣ್ಣಾಗುತ್ತದೆ, ಕಾಳು ಜಳ್ಳಾಗುತ್ತದೆ. ಭತ್ತ ಸ್ವಲ್ಪ ತಡೆದುಕೊಳ್ಳುತ್ತದೆ, ಗೋಧಿ ಬೇಗ ಸೋಲುತ್ತದೆ. ಮಳೆಗಾಲದಲ್ಲಿ ಓಝೋನ್ ಕಡಿಮೆಯೇ, ಆದರೆ ಗೋಧಿ ಬೆಳೆಯುವುದು ಬಿಸಿಲಿನ ಹಿಂಗಾರಿಯಲ್ಲಿ.